ಒಂದೂವರೆ ಪಾವಿನ ಅಚ್ಚೇರು

ರೇಷನ್ ಅಂಗಡಿಗೆ ಹೋಗಿ, ‘ಅಕ್ಕಿ ಹೆಚ್ಚಾಗಿ ಕೊಟ್ಟಿದ್ದೀರಿ, ವಾಪಸು ತೆಗೆದುಕೊಳ್ಳಿ’ ಎಂದು ಜಗಳ ಮಾಡಿದವರು ಈ ಯುದ್ಧದ ಕಾಲದಲ್ಲಿ ನಮ್ಮ ಸಂಸ್ಥಾನದಲ್ಲೆಲ್ಲ ನಾನೊಬ್ಬಳೇ ಇರಬೇಕು. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಮುಂದೆ ಓದಿದರೆ ನಿಮಗೇ ತಿಳಿಯುತ್ತದೆ.

ತುಮಕೂರಿನಲ್ಲಿ ಉಪಾಧ್ಯಾಯಿನಿಯ ಕೆಲಸ ಸಿಕ್ಕಿ, ಒಂದು ಕೋಣೆ ಬಾಡಿಗೆಗೆ ಹಿಡಿದು, ಜೀವನದಲ್ಲಿ ಮೊದಲ ಸಲ ನನ್ನದೇ ಒಲೆ ಹೂಡಿದ ವಾರ ಅದು. ಅಮ್ಮ ಮಧುಗಿರಿಯಿಂದ ಒಂದು ಟ್ರಂಕು ಪಾತ್ರೆ ಕಳಿಸಿದ್ದಳು. ಅದರಲ್ಲಿ ಒಂದು ಹಳೆಯ ಹಿತ್ತಾಳೆಯ ಅಚ್ಚೇರೂ ಇತ್ತು. ಅಚ್ಚೇರು ಎಂದರೆ ಅರ್ಧ ಸೇರು, ಎರಡು ಪಾವು. ಅಂಗಡಿಯಿಂದ ನಾಲ್ಕು ಸೇರು ಅಕ್ಕಿ ತಂದು, ಅರ್ಥಶಾಸ್ತ್ರ ಓದಿ ಬಿ.ಎ. ಪಾಸು ಮಾಡಿದವಳಿಗೆ ತಕ್ಕ ಹಾಗೆ, ಮನೆಯಲ್ಲಿ ಮತ್ತೊಮ್ಮೆ ಅಳೆದೆ. ಎಂಟು ಅಚ್ಚೇರು ಬರಬೇಕಾದ್ದು ಹತ್ತು ತುಂಬಿ ಮೇಲೆ ಇನ್ನೂ ಉಳಿಯಿತು. ಪಾಪ, ಅಂಗಡಿಯವನು ಎಣಿಕೆ ತಪ್ಪಿದ್ದಾನೆ, ತಿಂಗಳ ಕೊನೆಗೆ ಲೆಕ್ಕ ಒಪ್ಪಿಸುವಾಗ ಸಿಕ್ಕಿಬೀಳುತ್ತಾನೆ ಎಂದುಕೊಂಡು ಚೀಲ, ಅಚ್ಚೇರು ಎರಡನ್ನೂ ಹೊತ್ತುಕೊಂಡು ಮತ್ತೆ ಸಾಲಿನಲ್ಲಿ ನಿಂತೆ.

“ಕಡಮೆ ಬಂದ್ರೆ ನಾನು ಜವಾಬ್ದಾರನಲ್ಲ ಮೇಡಮ್ಮೋರೆ, ಮೊದ್ಲೇ ಏಳಿವ್ನಿ” ಎಂದ ಅಂಗಡಿಯವನು, ನನ್ನ ಚೀಲ ನೋಡಿದ ಕೂಡಲೇ.

“ಕಡಮೆಯಲ್ಲ, ಹೆಚ್ಚು ಬಂದಿದೆ.”

“ಅದೇ, ಕಡಮೆ ಬಂದ್ರೆ...”

“ಹೆಚ್ಚು ಕಣಪ್ಪ, ಹೆಚ್ಚು!”

ಹಿಂದೆ ನಿಂತಿದ್ದ ಜನ ಗಲಾಟೆ ನಿಲ್ಲಿಸಿ ನನ್ನನ್ನೇ ನೋಡಿದರು. ಅಂಗಡಿಯವನು ಮುದ್ರೆ ಹೊಡೆದ ತನ್ನ ಸೇರಿನಲ್ಲಿ ಅಳೆದ. ಸರಿಯಾಗಿ ನಾಲ್ಕು ಸೇರು. ಆಮೇಲೆ ನನ್ನ ಅಚ್ಚೇರನ್ನು ಕೈಗೆ ತೆಗೆದುಕೊಂಡು, ಒಳಗೆ ಬೆರಳಾಡಿಸಿ, ಬಹಳ ಮೆಲ್ಲಗೆ, ಮನೆಯಲ್ಲಿ ಯಾರಿಗಾದರೂ ಕಾಯಿಲೆಯೇ ಎಂದು ಕೇಳುವ ದನಿಯಲ್ಲಿ ಹೇಳಿದ: “ಮೇಡಮ್ಮೋರೆ, ಇದ್ರ ಒಟ್ಟೆ ಒಳೀಕೋಗೈತೆ.”

ಸಾಲಿಗೆ ಸಾಲೇ ನಕ್ಕಿತು. ನಾನು ಚೀಲ ಎತ್ತಿಕೊಂಡು ಬಂದೆ. ದಾರಿಯಲ್ಲಿ ಅವಮಾನಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಆ ಅಚ್ಚೇರಿನ ಗುರುತು ನನಗೆ ಸಿಗದೇ ಹೋಯಿತಲ್ಲ ಎಂಬುದು. ಅದರ ಹೊಟ್ಟೆ ಒಳಕ್ಕೆ ಹೋದದ್ದು ಹೇಗೆ ಎಂದು ಪೂರ್ತಿಯಾಗಿ ಬಲ್ಲವಳು ಈ ಭೂಮಿಯ ಮೇಲೆ ನಾನೊಬ್ಬಳೇ.

ನಮ್ಮ ಮನೆ ಮಧುಗಿರಿಯ ಬೆಟ್ಟದ ಬುಡದಲ್ಲಿತ್ತು. ಹಗಲೆಲ್ಲ ಕಾದ ಬಂಡೆ ಸಂಜೆಗೆ ನಮ್ಮ ಹಿತ್ತಿಲಿನ ಕಡೆಗೆ ಬಿಸಿ ಉಸಿರು ಬಿಡುತ್ತಿತ್ತು. ಮನೆಯಲ್ಲಿ ನಾಲ್ಕು ಜನ: ಅಪ್ಪನ ತಾಯಿಯಾದ ಅಜ್ಜಿ, ಅಪ್ಪ, ಅಮ್ಮ, ನಾನು. ಕೊರಟಗೆರೆಯ ಹತ್ತಿರ ನಮಗೊಂದು ತುಂಡು ಗದ್ದೆ. ಗುತ್ತಿಗೆಯವನು ವರ್ಷಕ್ಕೊಮ್ಮೆ ಗಾಡಿಯಲ್ಲಿ ಅಕ್ಕಿ ತಂದು, ಅಡುಗೆಮನೆಯ ಮೂಲೆಯಲ್ಲಿದ್ದ ಮಣ್ಣಿನ ವಾಡೆಗೆ ಸುರಿದು ಹೋಗುತ್ತಿದ್ದ. ವಾಡೆ ಆಗ ನನಗಿಂತ ಎತ್ತರವಿತ್ತು. ನಮ್ಮಿಬ್ಬರಲ್ಲಿ ಬೆಳೆದವಳು ನಾನೊಬ್ಬಳೇ ಆದ್ದರಿಂದ ಆಮೇಲೆ ಸಮ ಬಂದೆವು.

ದಿನಾ ಬೆಳಿಗ್ಗೆ ಅಮ್ಮ ಆ ವಾಡೆಯಿಂದ ಮೂರು ಅಚ್ಚೇರು ಅಕ್ಕಿ ಅಳೆದು ಮೊರಕ್ಕೆ ಹಾಕುವಳು. ಎರಡು ಹೊತ್ತಿಗೂ ಸೇರಿ ಅಷ್ಟೇ. ಎಣಿಸುವ ಕೆಲಸ ಅಜ್ಜಿಯದು. ಅಜ್ಜಿಗೆ ಕಣ್ಣು ಮಂಜಾಗಿತ್ತು. ನಡುಮನೆಯ ಕಂಬಕ್ಕೊರಗಿ ಕೂತು, ಅಕ್ಕಿ ಮೊರಕ್ಕೆ ಬೀಳುವ ಸದ್ದು ಕೇಳಿಯೇ ಗಟ್ಟಿಯಾಗಿ ಎಣಿಸುತ್ತಿದ್ದಳು: “ಲಾಭ... ಎರಡು... ಮೂರು.”

ನಮ್ಮ ಕಡೆ ಧಾನ್ಯ ಅಳೆಯುವಾಗ ಮೊದಲನೆಯದಕ್ಕೆ ಯಾರೂ ‘ಒಂದು’ ಎನ್ನುವುದಿಲ್ಲ, ‘ಲಾಭ’ ಎನ್ನುತ್ತಾರೆ. ನಿಮಗೂ ಗೊತ್ತಿರಬಹುದು. ನನಗೆ ಮಾತ್ರ ಅದು ಬಿಟ್ಟು ಬೇರೆ ಗೊತ್ತಿರಲಿಲ್ಲ. ಸ್ಕೂಲಿಗೆ ಸೇರಿದ ದಿನ ಮೇಷ್ಟರು ಬೆರಳು ತೋರಿಸಿ ಎಣಿಸು ಎಂದಾಗ ‘ಲಾಭ, ಎರಡು, ಮೂರು’ ಎಂದು ಶುರುಮಾಡಿ, ಬೆಂಚಿನ ಮೇಲೆ ನಿಂತು, ಮನೆಗೆ ಬಂದು ಅತ್ತೆ. ಅಜ್ಜಿ ಮೇಷ್ಟರ ಮೇಲೆಯೇ ಸಿಟ್ಟಾದಳು. “ಲಾಭ ಅನ್ನಕ್ಕೂ ಬರ್ದೋನು ಇನ್ನೇನು ಲೆಕ್ಕ ಏಳ್ಕೊಡ್ತಾನೆ” ಎಂದಳು.

ಸಾಲ ಬಂದದ್ದು ಬಸ್ಸಿನಲ್ಲಿ. ಅಪ್ಪನಿಗೆ ಪಾವಗಡದ ಕಡೆಯ ಒಬ್ಬ ಸ್ನೇಹಿತ. ರಕ್ತ ಸಂಬಂಧವಿಲ್ಲದಿದ್ದರೂ ಅಪ್ಪನನ್ನು ‘ಬಾವಾ’ ಎನ್ನುತ್ತಿದ್ದ. ಆತನಿಗೆ ಮಧುಗಿರಿಯಿಂದ ಪಾವಗಡಕ್ಕೆ ಬಸ್ಸು ಓಡಿಸುವ ಹುಚ್ಚು ಹತ್ತಿತು. ಪೇಟೆಯ ರುದ್ರಪ್ಪ ಸಾಹುಕಾರರ ಹತ್ತಿರ ಎಂಟುನೂರು ರೂಪಾಯಿ ಸಾಲ ಕೇಳಿದ. ಸಾಹುಕಾರರು ಜಾಮೀನು ಕೇಳಿದರು. ಆತ ನಮ್ಮ ಜಗುಲಿಗೆ ಬಂದು ಕೂತ.

“ಏಮುಂದಿ ಬಾವಾ, ಒಂದು ಸೈನು ಅಷ್ಟೇ ಕದಾ! ನೀನು ಕೋರ್ಟಲ್ಲಿ ದಿನಾ ಎಷ್ಟು ಸೈನು ನೋಡ್ತೀಯ” ಎಂದ.

ಅಪ್ಪ ಮಾಡಿದರು. ಬಸ್ಸು ಆರು ತಿಂಗಳು ಓಡಿತು. ಓಡಿತು ಎನ್ನುವುದೂ ಸ್ವಲ್ಪ ಹೆಚ್ಚೇ. ಹೋಗುವಾಗ ಅದು ಜನರನ್ನು ಹೊತ್ತುಕೊಂಡು ಹೋಗುತ್ತಿತ್ತು, ಬರುವಾಗ ಮಿಡಿಗೇಶಿಯ ಏರಿನಲ್ಲಿ ಜನ ಅದನ್ನು ನೂಕಿಕೊಂಡು ಬರುತ್ತಿದ್ದರು. ಒಂದು ದಿನ ಬಸ್ಸು ನಿಂತ ಜಾಗದಲ್ಲೇ ಉಳಿಯಿತು, ಅದರ ಯಜಮಾನ ಮಾತ್ರ ಮುಂದಕ್ಕೆ ಹೋಗಿ ಗಡಿ ದಾಟಿದ. ಉಳಿದದ್ದು ಅಪ್ಪನ ಸೈನು.

ಅಪ್ಪ ಕೆಲಸ ಮಾಡುತ್ತಿದ್ದುದು ಮುನ್ಸೀಫ್ ಕೋರ್ಟಿನಲ್ಲಿ, ಗುಮಾಸ್ತರಾಗಿ. ಸಂಬಳ ಮೂವತ್ತೈದು ರೂಪಾಯಿ. ಸಾಹುಕಾರರು ಒಳ್ಳೆಯವರೇ. “ಗುಮಾಸ್ತರೇ, ಅವಸರ ಇಲ್ಲ. ಆದ್ರೆ ಈಗ ನಿಮ್ಮ ಹೆಸರಿಗೆ ಬರೆಸ್ಕೊಳ್ಳೋ ಪ್ರೋನೋಟು ಮೂರು ವರ್ಷಕ್ಕೆ ಸಾಯ್ತದೆ, ಆಮೇಲೆ ಕೋರ್ಟಲ್ಲಿ ನಡೆಯಲ್ಲ, ಅದು ನನಗಿಂತ ನಿಮಗೇ ಗೊತ್ತು. ಅಷ್ಟರೊಳಗೆ ಮುಗಿಸ್ಕೊಡಿ. ಇಲ್ದಿದ್ರೆ ನಾನು ದಾವಾ ಹಾಕ್ಲೇಬೇಕಾಗ್ತದೆ” ಎಂದರು. ದಾವಾ ಬಿದ್ದರೆ ಏನಾಗುತ್ತದೆಂದು ಅಪ್ಪನಿಗೆ ವಿವರಿಸುವವರು ಬೇಕಿರಲಿಲ್ಲ. ಆ ಕೋರ್ಟಿನ ಸಮನ್ಸುಗಳನ್ನೆಲ್ಲ ಬರೆಯುತ್ತಿದ್ದುದು ಅಪ್ಪನೇ. ತಮ್ಮ ಹೆಸರಿಗೆ ತಾವೇ ಸಮನ್ಸು ಬರೆದು, ಹೀರುಗಾಗದ ಒತ್ತಿ ಮಸಿ ಆರಿಸಿ, ದಲಾಯತನ ಕೈಗೆ ಕೊಟ್ಟು, ಅವನು ವರಾಂಡದಲ್ಲಿ ಮೂರು ಸಲ ತಮ್ಮ ಹೆಸರು ಕೂಗಿದಾಗ ಬರೆಯುತ್ತಿದ್ದ ಲೇಖನಿ ಕೆಳಗಿಟ್ಟು ಎದ್ದುಹೋಗಿ ಕೈಕಟ್ಟಿ ನಿಲ್ಲಬೇಕು. ಅಪ್ಪ ಇದನ್ನು ಅಮ್ಮನಿಗೆ ಹೇಳುವಾಗ ನಾನು ಕೇಳಿಸಿಕೊಂಡೆ. ನನಗೆ ತುಂಬ ನಗು ಬಂತು. ಅಪ್ಪನ ಮುಖ ನೋಡಿ ನಗು ನಿಂತಿತು.

“ಅವ್ವನಿಗೆ ಗೊತ್ತಾಗಬಾರದು” ಎಂದರು ಅಪ್ಪ. ಅಪ್ಪನ ಓದಿಗಾಗಿ ಅಜ್ಜಿ ತನ್ನ ಒಡವೆಗಳನ್ನೆಲ್ಲ ಮಾರಿದ್ದಳು. ಅವಳ ಮೈಮೇಲೆ ಉಳಿದಿದ್ದ ಬೆಳ್ಳಿ ಎಂದರೆ ಕೊರಳಿನ ಲಿಂಗದ ಕರಡಿಗೆಯೊಂದೇ. ಗೊತ್ತಾದರೆ ಅದನ್ನೂ ಬಿಚ್ಚಿ ಕೊಡುವ ಹೆಂಗಸು ಅವಳು.

ಹೀಗಾಗಿ ನಮ್ಮ ಮನೆಯ ಮಿತವ್ಯಯವೆಲ್ಲ ಕಳ್ಳತನದ ಹಾಗೆ ನಡೆಯಿತು. ಅಮ್ಮನ ಚಿನ್ನದ ಬಳೆ ಮೊದಲ ತಿಂಗಳೇ ಹೋಯಿತು. ಅಜ್ಜಿ ಕೇಳಿದಾಗ, ಸವೆದಿದ್ದವು, ಹೊಸದಾಗಿ ಮಾಡಿಸಲು ಅಕ್ಕಸಾಲಿಗೆ ಕೊಟ್ಟಿದೆ ಎಂದಾಯಿತು. ಮೂರು ವರ್ಷ ಆ ಅಕ್ಕಸಾಲಿ ಆ ಬಳೆ ಮಾಡುತ್ತಲೇ ಇದ್ದ. ಅಪ್ಪ ನಶ್ಯ ಬಿಟ್ಟರು. ಅದನ್ನು ವೈದ್ಯರ ತಲೆಗೆ ಕಟ್ಟಿದರು. ನನ್ನ ಲಂಗದ ಅಂಚು ಬಿಚ್ಚಿ ಬಿಚ್ಚಿ ಉದ್ದ ಮಾಡಿದರು. ಅದಕ್ಕೆ ಯಾರ ತಲೆಯೂ ಬೇಕಾಗಲಿಲ್ಲ, ನಾನು ಕೇಳುವ ಮಗು ಆಗಿರಲಿಲ್ಲ. ಉಳಿದದ್ದು ಅನ್ನ. ವಾಡೆಯ ಅಕ್ಕಿ ವರ್ಷದ ಕೊನೆಗೆ ಉಳಿದರೆ ಮಾರಬಹುದು, ಆದರೆ ಅದು ಉಳಿಯಲು ಬಿಡದ ಹಾಗೆ ನಡುಮನೆಯಲ್ಲಿ ‘ಲಾಭ, ಎರಡು, ಮೂರು’ ಕೂತಿತ್ತಲ್ಲ. ಅಮ್ಮ ಒಂದು ದಿನ ಎರಡಕ್ಕೇ ನಿಲ್ಲಿಸಿ ನೋಡಿದಳು.

“ಯಾಕಮ್ಮ ಗೌರಿ, ಮೂರು ಬೀಳ್ಲಿಲ್ಲ?” ಎಂದಿತು ನಡುಮನೆ.

“ಬಿತ್ತಲ್ಲ ಅತ್ತೆ.”

“ಕಣ್ಣೋಗೈತೆ, ಕಿವಿ ಓಗಿಲ್ಲ ಕಣಮ್ಮ.”

ಮೂರನೆಯದು ಬಿತ್ತು.

ಮುಂದಿನ ಸಂತೆಯ ದಿನ ಅಮ್ಮ ನನ್ನನ್ನು ಹಿತ್ತಿಲಿಗೆ ಕರೆದು, ಅಚ್ಚೇರನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟು, ಕಿವಿಯಲ್ಲಿ ಹೇಳಬೇಕಾದ್ದನ್ನು ಹೇಳಿದಳು. ಶಿರಾದಿಂದ ಹುಸೇನ್ ಸಾಬರು ಪ್ರತಿ ಸಂತೆಗೂ ಬಂದು ಹುಣಸೆಮರದ ಕೆಳಗೆ ತಿದಿ ಹೂಡಿ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರು. ನೆಗ್ಗಿದ ಪಾತ್ರೆಗಳನ್ನು ಬಡಿದು ಸರಿಮಾಡುವುದೂ ಅವರ ಕೆಲಸವೇ. ನಾನು ಅಮ್ಮ ಹೇಳಿಕೊಟ್ಟ ಹಾಗೆ ಒಪ್ಪಿಸಿದೆ: “ಇದರ ತಳ ಹೊರಗಡೆಯಿಂದ ಬಡಿದು ಸ್ವಲ್ಪ ಒಳಕ್ಕೆ ನೆಗ್ಗಿಸಬೇಕಂತೆ.”

ಸಾಬರು ಅಚ್ಚೇರನ್ನು ತಿರುಗಿಸಿ ತಿರುಗಿಸಿ ನೋಡಿದರು. “ಅರೆ ಬೇಟಿ, ಮೂವತ್ತು ವರ್ಷದಿಂದ ಈ ಸುತ್ತಿಗೆ ಹಿಡ್ದಿದೀನಿ. ನೆಗ್ಗು ತೆಗೀರಿ ಅಂತಾನೇ ಎಲ್ರೂ ಬತ್ತಾರೆ. ನೆಗ್ಗು ಹಾಕು ಅಂತ ಬಂದಿರೋಳು ನೀನೇ ಪೈಲಾ. ಯಾಕೆ?”

ಅಮ್ಮ ಇದಕ್ಕೆ ಉತ್ತರ ಹೇಳಿಕೊಟ್ಟಿರಲಿಲ್ಲ. ನಾನು ಯೋಚಿಸಿ, “ನಮ್ಮ ಮನೆಯಲ್ಲಿ ಎಲ್ಲರೂ ದಪ್ಪ ಆಗ್ತಿದ್ದಾರೆ” ಎಂದೆ. ಸಾಬರು ನನ್ನ ಕೈಕಾಲು ನೋಡಿದರು. ಮತ್ತೇನೂ ಕೇಳಲಿಲ್ಲ. ಎರಡು ಏಟು ಹೊಡೆದು, ಕಾಸು ತೆಗೆದುಕೊಳ್ಳದೆ ಕಳಿಸಿದರು.

ಮರುದಿನ ಬೆಳಿಗ್ಗೆ ‘ಲಾಭ, ಎರಡು, ಮೂರು’ ಸಾಂಗವಾಗಿ ನಡೆಯಿತು. ಅಜ್ಜಿ ಒಂದು ಕ್ಷಣ ಕಿವಿಗೊಟ್ಟು, “ಅಕ್ಕಿ ಸದ್ದು ಯಾಕೋ ಸಣ್ಣಗಾಗೈತೆ” ಎಂದಳು, ಅಷ್ಟೆ.

ಒಂದು ಮಾತು ಹೇಳಬೇಕು. ಆ ಅಚ್ಚೇರು ನಮ್ಮ ಹೊಟ್ಟೆಗಳಿಗೆ ಮಾತ್ರ. ನೆರೆಮನೆಯವರು ಅಚ್ಚೇರು ಅಕ್ಕಿ ಕೈಗಡ ಕೇಳಿದರೆ ಅಮ್ಮ ಅವರದೇ ಪಾತ್ರೆಯಲ್ಲಿ ಕಣ್ಣಂದಾಜಿಗೆ ಹಾಕಿ, ಮೇಲೆರಡು ಹಿಡಿ ಸುರಿದು ಕೊಡುತ್ತಿದ್ದಳು. ಬೀದಿಯಲ್ಲಿ ನಮಗೆ ಧಾರಾಳಿಗಳೆಂಬ ಹೆಸರು ಬಂದದ್ದು ಆ ಸಾಲದ ಮೂರು ವರ್ಷಗಳಲ್ಲಿ.

ಸುಮಾರು ಒಂದು ವರ್ಷದ ಮೇಲೆ ಕಲಾಯಿಗೆಂದು ಒಂದು ಪಾತ್ರೆ ತೆಗೆದುಕೊಂಡು ಹೋಗಿದ್ದೆ. ಹುಸೇನ್ ಸಾಬರು ಆ ಕಡೆ ಈ ಕಡೆ ನೋಡಿ, “ಬೇಟಿ, ಹೋದ್ ಸಂತೆಗೆ ನಿಮ್ಮ ಅಜ್ಜಿ ಬಂದಿದ್ರು” ಎಂದರು.

“ಯಾಕೆ?”

“ಅದೇ ಅಚ್ಚೇರು, ಸೆರಗಿನಾಗೆ ಮುಚ್ಕೊಂಡು. ‘ಸಾಬು, ತಳ ಒಸಿ ಒಳೀಕೆ ತಟ್ಟು. ನಮ್ಮ ಸೊಸೆಗೆ ಗೊತ್ತಾಗ್ಬಾರ್ದು, ಮಗನಿಗಂತೂ ಗೊತ್ತಾಗ್ಲೇಬಾರ್ದು’ ಅಂದ್ರು. ಯಾರಿಗೂ ಹೇಳಲ್ಲ ಅಂತ ನನ್ ಕೈಲಿ ಕಸಂ ತಗೊಂಡ್ರು.”

“ಮತ್ತೆ ನನಗೆ ಹೇಳ್ತಿದ್ದೀರಲ್ಲ ಸಾಬರೇ?”

“ನೀನು ಹಳೇ ಗಿರಾಕಿ” ಎಂದರು ಸಾಬರು.

ಸಾಲದ ಸುದ್ದಿ ಅಜ್ಜಿಗೆ ಎರಡನೆಯ ತಿಂಗಳೇ ತಲುಪಿತ್ತು. ಸಾಹುಕಾರರ ಹೆಂಡತಿ ದೇವಸ್ಥಾನದಲ್ಲಿ ಹೇಳಿದ್ದರಂತೆ. ಮಗ ತನ್ನಿಂದ ಮುಚ್ಚಿಟ್ಟು ನೆಮ್ಮದಿಯಾಗಿದ್ದಾನೆ, ಆ ನೆಮ್ಮದಿ ಯಾಕೆ ಕೆಡಿಸಲಿ ಎಂದು ಅಜ್ಜಿ ಸುಮ್ಮನಿದ್ದಳು. ಎಣಿಕೆ ಮಾತ್ರ ಇನ್ನೂ ಗಟ್ಟಿಯಾಯಿತು.

ಅದಾಗಿ ಕೆಲವು ತಿಂಗಳಿಗೆ ಮತ್ತೆ ಸಾಬರು ನನ್ನನ್ನು ಕರೆದರು. ಈ ಸಲ ಅವರಿಗೆ ನಗು ತಡೆಯಲಾಗುತ್ತಿರಲಿಲ್ಲ. “ಹೋದ್ ವಾರ ಕೋರ್ಟಿನ ಗುಮಾಸ್ತರು ಬಂದಿದ್ರು. ಕೋಟಿನ ಒಳಗೆ ಇಟ್ಕೊಂಡು.”

ಅಮ್ಮ, ಅಜ್ಜಿ ಇಬ್ಬರೂ ಕೊರಟಗೆರೆಯ ನಂಟರ ಮನೆಗೆ ಹೋಗಿದ್ದ ಭಾನುವಾರ ಇರಬೇಕು ಅದು. ಅಡುಗೆಮನೆಯ ಹೊಸಿಲು ದಾಟದ ನಮ್ಮ ಅಪ್ಪ ಆ ಕತ್ತಲಲ್ಲಿ ಅಚ್ಚೇರನ್ನು ಹೇಗೆ ಹುಡುಕಿದರೋ. ಹೆಂಡತಿಗೆ ಅನ್ನ ಕಡಮೆ ಮಾಡು ಎನ್ನಲು ಬಾಯಿ ಬಾರದೆ ಈ ಉಪಾಯ ಹುಡುಕಿದ್ದರು. ಅದರಲ್ಲೂ ಅವರು ಗುಮಾಸ್ತರೇ. “ಸಾಬರೇ, ಇದು ವ್ಯಾಪಾರದ ಅಳತೆಯಲ್ಲ, ಸ್ವಂತ ಉಪಯೋಗದ್ದು. ಕಾನೂನಿನ ಪ್ರಕಾರ ಇದರಲ್ಲಿ ಅಪರಾಧ ಇಲ್ಲ, ನೀವು ಹೆದರಬೇಡಿ” ಎಂದು ಧೈರ್ಯ ಹೇಳಿ ಹೊಡೆಸಿದರಂತೆ.

“ಬೇಟಿ, ನಿಮ್ಮ ಮನೇಲಿ ಇನ್ನ್ಯಾರಾದ್ರೂ ಇದ್ರೆ ಹೇಳ್ಬುಡು, ಬರಬ್ಯಾಡ್ರಿ ಅಂತ. ಇನ್ನೊಂದು ಏಟು ಬಿದ್ರೆ ಅದು ಅಚ್ಚೇರಲ್ಲ, ತಟ್ಟೆ!”

ಆ ದಿನಗಳ ಊಟ ನಿಮಗೆ ತೋರಿಸಬೇಕಿತ್ತು. ಎಲ್ಲರಿಗೂ ಹಸಿವು, ಎಲ್ಲರಿಗೂ ಹೊಟ್ಟೆ ತುಂಬಿದೆ.

“ಇನ್ನೊಂಚೂರು ಹಾಕ್ಲಾ?” ಎನ್ನುವಳು ಅಮ್ಮ.

“ಬೇಡ ಬೇಡ, ಕೋರ್ಟಿನಲ್ಲಿ ಯಾರೋ ತಿಂಡಿ ತಂದಿದ್ದರು” ಎನ್ನುವರು ಅಪ್ಪ. ಆ ಮೂರು ವರ್ಷ ಮಧುಗಿರಿಯ ಕಕ್ಷಿದಾರರೆಲ್ಲ ದಿನಾ ತಿಂಡಿ ತರುತ್ತಿದ್ದರು.

“ನಂಗೂ ಸಾಕು. ವಯಸ್ಸಾದ್ಮೇಲೆ ಯಾರ್ಗೆ ಬೇಕು ಅನ್ನ. ಆದ್ರೂ ಗೌರಿ, ಈಗೀಗ ಅನ್ನ ಅರಳೋದೇ ಇಲ್ಲ ಕಣಮ್ಮ” ಎನ್ನುವಳು ಅಜ್ಜಿ, ತಾನೇ ಅರಳದ ಹಾಗೆ ಮಾಡಿಸಿ ಬಂದವಳು.

“ಹೊಸ ಅಕ್ಕಿ ಅತ್ತೆ.”

“ಗುತ್ತಿಗೆಯವನು ಬತ್ತದ ತಳಿ ಬದಲಾಯಿಸಿದ್ದಾನೆ” ಎನ್ನುವರು ಅಪ್ಪ.

ಮೂವರೂ ಸೇರಿ ಆ ಬಡಪಾಯಿ ಗುತ್ತಿಗೆಯವನನ್ನು ಬೈಯುವರು. ನಾನು ತಲೆ ತಗ್ಗಿಸಿ ಸಾರು ಸುರಿಯುತ್ತಿದ್ದೆ. ಮೂರು ಗುಟ್ಟುಗಳು ನನ್ನೊಬ್ಬಳ ಹತ್ತಿರ ಇದ್ದವು. ಮಿತಭಾಷಿ ಎಂಬ ಹೆಸರು ನನಗೆ ಇವತ್ತಿಗೂ ಇದೆಯಲ್ಲ, ಅದಕ್ಕೆ ಅಭ್ಯಾಸವಾದದ್ದು ಆ ಊಟದ ಸಾಲಿನಲ್ಲಿ.

ಮೂರನೆಯ ವರ್ಷದ ಕೊನೆಗೆ, ಪ್ರೋನೋಟಿನ ಗಡುವಿಗೆ ಮೂರು ದಿನ ಉಳಿದಿರುವಾಗ, ರುದ್ರಪ್ಪ ಸಾಹುಕಾರರು ತಾವೇ ನಮ್ಮ ಮನೆಗೆ ಬಂದರು. ಅಸಲು, ಬಡ್ಡಿ ಎಲ್ಲ ತೀರಿ ಆರು ರೂಪಾಯಿ ಬಾಕಿ ನಿಂತಿತ್ತು. ಅಪ್ಪನ ಸಂಬಳಕ್ಕೆ ಇನ್ನೂ ಹತ್ತು ದಿನವಿತ್ತು. ಆರು ರೂಪಾಯಿಗೂ ದಾವಾ ದಾವಾವೇ, ಹೆಸರು ಮೂರು ಸಲವೇ ಕೂಗುತ್ತಾರೆ.

“ಆರು ರೂಪಾಯಿಗೆ ಯಾಕೆ ಅಷ್ಟು ಮುಖ ಸಣ್ಣ ಮಾಡ್ಕೊಂಡಿದ್ದೀರಿ ಗುಮಾಸ್ತರೇ? ಮನೇಲಿ ಕೊರಟಗೆರೆ ಅಕ್ಕಿ ಇದ್ರೆ ಅಳೆದು ಕೊಟ್ಬುಡಿ. ರೂಪಾಯಿಗೆ ಏಳು ಸೇರು ಹಿಡ್ಕೊಳ್ಳಿ. ಇಗೋ ಪ್ರೋನೋಟು ಜೇಬಲ್ಲೇ ತಂದಿದ್ದೀನಿ” ಎಂದರು.

ಅಪ್ಪನ ಮುಖ ಅರಳಿತು. ಅಜ್ಜಿಯ ಮುಂದೆಯೇ ಸಾಲದ ಮಾತು ಬಿದ್ದದ್ದು ಆ ಖುಷಿಯಲ್ಲಿ ಅವರಿಗೆ ಹೊಳೆಯಲೇ ಇಲ್ಲ. ನಲವತ್ತೆರಡು ಸೇರು. ವಾಡೆಯಲ್ಲಿ ಅಷ್ಟು ಇದ್ದೀತು. ಅದು ಯಾಕಿದೆ ಎಂದು ತಮಗೊಬ್ಬರಿಗೇ ಗೊತ್ತು ಎಂದುಕೊಂಡು ಅಪ್ಪ ಮೀಸೆಯಲ್ಲೇ ನಕ್ಕರು. ಅಮ್ಮನೂ ಬಾಗಿಲ ಮರೆಯಲ್ಲಿ ಹಾಗೆಯೇ ನಕ್ಕಳು. ಅಜ್ಜಿ ಕಂಬಕ್ಕೊರಗಿ ನಕ್ಕಳು.

“ಹಾಗಾದರೆ ನಿಮ್ಮ ಅಂಗಡಿಯಿಂದ ಸೇರು ತರಿಸುತ್ತೇನೆ” ಎಂದರು ಅಪ್ಪ.

“ಸೇರ್ಯಾಕೆ? ಅಜ್ಜಮ್ಮನ ಎಣಿಕೆ ಇರೋ ಮನೆ ಇದು. ನನ್ನ ಅಂಗಡಿ ಅಳತೆಗಿಂತ ನಂಗೆ ಈ ಮನೆ ಅಳತೆ ಮ್ಯಾಲೆ ನಂಬ್ಕೆ. ನಿಮ್ಮ ಅಚ್ಚೇರಲ್ಲೇ ಅಳೀರಿ, ಎಂಬತ್ತನಾಲ್ಕು ಅಚ್ಚೇರು.”

ನಗು ಮೂರು ಕಡೆಯೂ ಒಟ್ಟಿಗೆ ಆರಿತು.

“ಅಚ್ಚೇರು ಸಣ್ಣದು, ಬಹಳ ಹೊತ್ತಾಗುತ್ತದೆ” ಎಂದರು ಅಪ್ಪ.

“ಅದನ್ನು ತೊಳೆದಿಲ್ಲ” ಎಂದಳು ಅಮ್ಮ.

“ಅದೆಲ್ಲೋ ಕಳ್ದೋಗೈತೆ ಕಣಪ್ಪ” ಎಂದಳು ಅಜ್ಜಿ. ಹೇಳಿ ಮುಗಿಸುವಷ್ಟರಲ್ಲಿ ಸಾಹುಕಾರರ ಕಣ್ಣು ಮೊರದ ಮೇಲಿದ್ದ ಅಚ್ಚೇರಿನ ಮೇಲೆ ಬಿದ್ದಿತ್ತು. ಎತ್ತಿಕೊಂಡರು.

ವ್ಯಾಪಾರಿಯ ಬೆರಳುಗಳು ಮಾತು ಕೇಳುವುದಿಲ್ಲ. ಬಾಯಿ ಇನ್ನೂ ಅಜ್ಜಿಯ ಗುಣಗಾನ ಮಾಡುತ್ತಿತ್ತು, ಬೆರಳು ಆಗಲೇ ತಳ ಮುಟ್ಟಿ ನಿಂತಿತು. ಮತ್ತೊಮ್ಮೆ ಸವರಿದರು. ಅಪ್ಪನ ಮುಖ ನೋಡಿದರು. ಬಾಗಿಲ ಮರೆಯ ಕಡೆ ನೋಡಿದರು. ಕಂಬದ ಕಡೆ ನೋಡಿದರು. ಮೂರು ವರ್ಷ ತಪ್ಪಿಸಿಕೊಂಡಿದ್ದ ಅವಮಾನ ಈಗ ಕೋರ್ಟು ಬಿಟ್ಟು ನೇರವಾಗಿ ಮನೆಗೇ ಬಂದಂತಾಯಿತು. ಬಾಯಿ ಮುಚ್ಚಿಕೊಂಡು ಇದರಲ್ಲಿ ಅಳೆದಿದ್ದರೆ ಸಾಹುಕಾರರಿಗೆ ಹತ್ತೂವರೆ ಸೇರು ಕಡಮೆ ಬೀಳುತ್ತಿತ್ತು. ಅಂದರೆ ಒಂದೂವರೆ ರೂಪಾಯಿ. ನಾನು ಅಲ್ಲೇ ನಿಂತು ಲೆಕ್ಕ ಹಾಕಿದೆ, ಭಯವಾದಾಗ ಲೆಕ್ಕ ಹಾಕುವುದು ನನಗೆ ಆಗಿನಿಂದಲೂ ಅಭ್ಯಾಸ.

“ಅಜ್ಜಮ್ಮ, ಈ ಅಚ್ಚೇರು ನಂಗೆ ಕೊಟ್ಬುಡಿ. ಅಕ್ಕಿ ಬ್ಯಾಡ. ಆರು ರೂಪಾಯಿ ಇಲ್ಲಿಗೆ ವಜಾ” ಎಂದರು ಸಾಹುಕಾರರು.

ಎರಡು ಕಾಸು ಬಾಳದ ಒಂದು ಹಿತ್ತಾಳೆ ತುಂಡು ಕೊಟ್ಟರೆ ಸಾಲ ಮುಗಿಯಿತು, ಅಕ್ಕಿಯೂ ಉಳಿಯಿತು. ಅಪ್ಪ ಬಾಯಿ ತೆರೆದರು. ಅಷ್ಟರಲ್ಲಿ ಅಜ್ಜಿ ಕೈ ಚಾಚಿದಳು.

“ಇತ್ಲಾಗೆ ತಾ ರುದ್ರಪ್ಪ. ಅದು ನಮ್ಮೊಟ್ಟೆಗೆ ನಾವು ಮಾಡ್ಕೊಂಡಿರೋ ಅಳ್ತೆ. ಊರೋರ ಒಟ್ಟೆಗೆ ಆಕಕ್ಕಲ್ಲ. ಅದ್ನ ನಿನ್ನಂಗ್ಡೀಲಿ ಮಡಗಿದ್ರೆ, ಆರು ರೂಪಾಯಿ ಒಂದೇ ಸಂತೇಲಿ ಬರ್ತದೆ ಅಂತ ನಂಗೂ ಗೊತ್ತು ಕಣಪ್ಪ.”

ಸಾಹುಕಾರರು ಗಹಗಹಿಸಿ ನಕ್ಕರು. “ತಮಾಷೆಗಂದೆ ಕಣಮ್ಮ, ತಮಾಷೆಗೆ!” ಎಂದರು. ತಮಾಷೆಗೋ ಅಲ್ಲವೋ ನನಗೆ ಈಗಲೂ ಗೊತ್ತಿಲ್ಲ. ಅಚ್ಚೇರನ್ನು ಅಜ್ಜಿಯ ಕೈಗೆ ಕೊಡುವ ಮೊದಲು ಮತ್ತೊಮ್ಮೆ ಬೆರಳಾಡಿಸಿದ್ದನ್ನು ಮಾತ್ರ ನೋಡಿದೆ.

ನಾನು ಓಡಿಹೋಗಿ ಅವರ ಅಂಗಡಿಯಿಂದ ಸೇರು ತಂದೆ. ಅಮ್ಮ ಅಳೆದಳು. ಅಜ್ಜಿ ಎಂದಿಗಿಂತ ಗಟ್ಟಿಯಾಗಿ ಶುರುಮಾಡಿದಳು: “ಲಾಭ...”

“ಲಾಭ ಯಾರ್ದಮ್ಮ, ನಿಮ್ದೋ ನಮ್ದೋ?” ಎಂದರು ಸಾಹುಕಾರರು.

“ಸುಮ್ಕಿರಪ್ಪ, ಎಣ್ಕೆ ತಪ್ತದೆ.”

ಇಪ್ಪತ್ತು ದಾಟಿತು. ಮೂವತ್ತು ದಾಟಿತು. ಮೂವತ್ತೈದರ ಹೊತ್ತಿಗೆ ಅಮ್ಮನ ಕೈ ಭುಜದವರೆಗೆ ವಾಡೆಯ ಒಳಗೆ ಹೋಗುತ್ತಿತ್ತು. ನಲವತ್ತಕ್ಕೆ ಸೇರು ತಳಕ್ಕೆ ಕೆರೆಯುವ ಸದ್ದು ಬಂತು. ಅಪ್ಪ ಗೋಡೆಯ ಕಡೆ ತಿರುಗಿ ನಿಂತರು. “ನಲವತ್ತೊಂದು” ಎಂದಳು ಅಜ್ಜಿ. ಅಮ್ಮ ನನ್ನನ್ನು ಎತ್ತಿ ವಾಡೆಯ ಒಳಗೇ ಇಳಿಸಿದಳು. ನಾನು ಕತ್ತಲಲ್ಲಿ ಕೂತು ಎರಡು ಕೈಯಲ್ಲಿ ಬಳಿದು ಬಳಿದು ಕೊಟ್ಟೆ. ಹೊರಗಿನಿಂದ ಅಜ್ಜಿಯ ದನಿ ಕೇಳಿಸಿತು: “ನಲವತ್ತೆರಡು!”

ಸಾಹುಕಾರರು ಪ್ರೋನೋಟನ್ನು ಅಪ್ಪನ ಕೈಗೆ ಕೊಟ್ಟು, ಎಲೆ ಅಡಿಕೆ ಹಾಕಿಕೊಂಡು ಹೋದರು. ಅಪ್ಪ ಅದನ್ನು ಎರಡು ತುಂಡಾಗಿ ಹರಿದರು. ಹರಿದ ಮೇಲೂ ಎರಡೂ ತುಂಡುಗಳನ್ನು ಜೋಡಿಸಿ ಪೂರ್ತಿ ಓದಿದರು. ಗುಮಾಸ್ತರಲ್ಲವೇ.

ಅಚ್ಚೇರು ನಡುಮನೆಯ ಮಧ್ಯೆ ಕೂತಿತ್ತು.

“ಅದು... ನಾನೇ ಮಾಡಿಸಿದ್ದು ಅತ್ತೆ” ಎಂದಳು ಅಮ್ಮ.

“ನೀನ್ಯಾಕಾಗ್ತೀಯೆ? ನಾನು ಮಾಡ್ಸಿದ್ದು” ಎಂದಳು ಅಜ್ಜಿ.

ಅಪ್ಪ ಕೆಮ್ಮಿದರು. ಕೆಮ್ಮು ನಿಲ್ಲಲಿಲ್ಲ. ಇಬ್ಬರೂ ಅವರ ಕಡೆ ತಿರುಗಿದರು. ಸತ್ಯ ಹೊರಬಿದ್ದ ಮೇಲೆ ಅಮ್ಮ ಒಲೆಯ ಮುಂದೆ ಕುಸಿದು ಕೂತು, ನಗುತ್ತಾ ಅಳುತ್ತಾ ಹೇಳಿದಳು: “ಅಯ್ಯೋ, ನಾನು ಹಾಕಿಸಿದ ನೆಗ್ಗೇ ಪಾಪದ ಹಾಗೆ ದಿನೇ ದಿನೇ ತಾನಾಗೇ ಬೆಳೀತಿದೆ ಅಂತ ಹೆದರಿ, ನಾನು ಸೋಮವಾರ ಸೋಮವಾರ ಉಪವಾಸ ಮಾಡ್ತಿದ್ದೆ!”

ಆ ಉಪವಾಸಗಳ ಅಕ್ಕಿಯೂ ವಾಡೆಗೇ ಸೇರಿತ್ತು ಎಂದು ನನಗೆ ಆಗಲೇ ಹೊಳೆಯಿತು.

ಅಪ್ಪ ಅಚ್ಚೇರನ್ನು ಬೆಳಕಿಗೆ ಹಿಡಿದು ನೋಡಿ ಹುಬ್ಬು ಗಂಟಿಕ್ಕಿದರು. “ಮೂರು ಜನರದು ಮೂರು ಉಬ್ಬು ಇರಬೇಕು. ಇಲ್ಲಿ ನಾಲ್ಕಿವೆಯಲ್ಲ. ಈ ಸೊಟ್ಟಗಿರುವುದು ಸಾಬರ ಕೆಲಸದ ಹಾಗೆ ಕಾಣುವುದಿಲ್ಲ.”

ನಾನು ಹಸುವಿಗೆ ಹುಲ್ಲು ಹಾಕುವ ನೆಪ ಮಾಡಿ ಹಿತ್ತಿಲಿಗೆ ಹೋದೆ. ಇವತ್ತು, ಇಷ್ಟು ವರ್ಷಗಳ ಮೇಲೆ, ಇಲ್ಲಿ ಒಪ್ಪಿಕೊಳ್ಳುತ್ತಿದ್ದೇನೆ. ಆ ವರ್ಷ ಸ್ಕೂಲಿನಲ್ಲಿ ಭಿನ್ನರಾಶಿ ಮುಗಿದಿತ್ತು. ದಿನಕ್ಕೆ ಎಷ್ಟು ಉಳಿಯುತ್ತದೆ, ಗಡುವಿಗೆ ಎಷ್ಟು ದಿನವಿದೆ ಎಂದು ಹಲಗೆಯ ಮೇಲೆ ಲೆಕ್ಕ ಹಾಕಿ, ಸಾಲದು ಎಂದು ಕಂಡು, ಸಾಬರು ಆಗುವುದಿಲ್ಲ ಎಂದದ್ದರಿಂದ, ಒಂದು ಮಧ್ಯಾಹ್ನ ಒನಕೆಯ ತುದಿಗೆ ಅಚ್ಚೇರನ್ನು ಕವುಚಿ ಗುಂಡುಕಲ್ಲಿನಿಂದ ಒಂದೇ ಏಟು ಹಾಕಿದೆ. ಅದು ಸ್ವಲ್ಪ ಜಾರಿತು. ಅಮ್ಮ ಇದನ್ನು ಓದಿದರೆ, ಆ ಸೊಟ್ಟ ಉಬ್ಬಿನ ಪಾಪಕ್ಕಾಗಿ ಮಾಡಿದ ಸೋಮವಾರಗಳನ್ನು ನನ್ನ ಹೆಸರಿಗೆ ಬರೆದುಕೊಳ್ಳಬಹುದು.

ಸಂಜೆ ನಾನು ಮತ್ತೆ ವಾಡೆಯೊಳಗೆ ಇಳಿದೆ. ಮೂಲೆ ಮೂಲೆ ಗುಡಿಸಿ ತೆಗೆದ ಅಕ್ಕಿಯನ್ನು ಅಮ್ಮ ಅಚ್ಚೇರಿಗೆ ಹಾಕಿದಳು. ಸರಿಯಾಗಿ ತುಂಬಿತು. ಮೊರಕ್ಕೆ ಸುರಿದಳು.

“ಲಾಭ” ಎಂದಳು ಅಜ್ಜಿ. ಎರಡನೆಯದಕ್ಕೆ ಕಾದಳು. ಅದು ಬರಲಿಲ್ಲ. ಮತ್ತೆ ಅವಳೇ ನಕ್ಕು, “ಅಷ್ಟೇ ಸಾಕು” ಎಂದಳು. ಆ ಅನ್ನವನ್ನು ನಾಲ್ವರೂ ಉಂಡೆವು. ಮೂರು ವರ್ಷಗಳಲ್ಲಿ ಮೊದಲ ಸಲ ಅಪ್ಪ, “ನನಗೆ ಇನ್ನೂ ಹಸಿವು” ಎಂದು ನಿಜ ಹೇಳಿದರು.

ನೆಗ್ಗು ತೆಗೆಸಲು ಆಮೇಲೆ ಸಾಬರ ಹತ್ತಿರ ಕೊಂಡೊಯ್ದರೆ, ಇನ್ನು ಬಡಿದರೆ ತಳ ಒಡೆಯುತ್ತದೆ ಎಂದರು. ಮನೆಗೆ ಹೊಸ ಅಚ್ಚೇರು ಬಂತು. ಹಳೆಯದು ಅಟ್ಟ ಸೇರಿತು. ಅಜ್ಜಿ ಹೋದಳು. ಈಗ ಅಮ್ಮ ಅದನ್ನು ಬೇಕೆಂದೇ ನನಗೆ ಕಳಿಸಿದಳೋ, ಕೈಗೆ ಸಿಕ್ಕಿದ್ದನ್ನು ಟ್ರಂಕಿಗೆ ಹಾಕಿದಳೋ ಕೇಳಿಲ್ಲ.

ರೇಷನ್ ಅಂಗಡಿಯಿಂದ ಬಂದು ಅದರ ತಳ ಸವರಿ ನೋಡಿದೆ. ಮೂರು ನಯವಾದ ಉಬ್ಬು, ಒಂದು ಸೊಟ್ಟ. ಅದರಲ್ಲಿ ಈಗ ಹಿಡಿಯುವುದು ಒಂದೂವರೆ ಪಾವು, ನನ್ನೊಬ್ಬಳ ಒಂದು ದಿನದ ಅನ್ನಕ್ಕೆ ಅಳತೆ ಹಾಕಿಸಿದ ಹಾಗೆ. ಬೆಳಿಗ್ಗೆ ಒಂದು ಸಲ ತುಂಬಿ ಮೊರಕ್ಕೆ ಸುರಿಯುತ್ತೇನೆ. ಪಕ್ಕದ ಕೋಣೆಯವರಿಗೆ ಕೇಳಿಸದಷ್ಟು ಮೆಲ್ಲಗೆ “ಲಾಭ” ಎನ್ನುತ್ತೇನೆ. ಎರಡನೆಯದು ಬೇಕಾಗುವುದೇ ಇಲ್ಲ.